ತೃಪ್ತಿ ಅಳೆಯುವ ಸೇರು

ನಮ್ಮ ಸೀಮೆಯ ದೊಡ್ಡ ಮನೆಗಳಲ್ಲಿ ಹಿಂದೆ ಎರಡು ಸೇರುಗಳಿರುತ್ತಿದ್ದವೆಂದು ಕೇರಿಯ ಹಿರಿಯರು ಈಗಲೂ ಹೇಳುತ್ತಾರೆ. ಕಣದಲ್ಲಿ ಕೂಲಿಯಾಳಿಗೆ ರಾಗಿ ಅಳೆದು ಕೊಡುವ ಸೇರು ಒಂದು, ಕೊಟ್ಟ ಸಾಲವನ್ನು ರಾಗಿಯಲ್ಲಿ ವಾಪಸು ಅಳೆದುಕೊಳ್ಳುವ ಸೇರು ಇನ್ನೊಂದು. ಎರಡಕ್ಕೂ ಹೆಸರು ಸೇರೇ. ಒಂದು ಎನ್ನುವ ಬದಲು 'ಲಾಭ' ಎಂದು ಶುರುಮಾಡುವ ಎಣಿಕೆಯೂ ಅದೇ. ಸೇರಿನ ಬಾಯಿ ಮೇಲೆ ಗೋಪುರ ಬಿಡುವುದೋ, ಅಂಗೈಯಿಂದ ಸವರಿ ಬೀಳಿಸುವುದೋ ಎಂಬುದು ಮಾತ್ರ ಅಳೆಯುವವನಿಗೆ ಬಿಟ್ಟದ್ದು. ಹೀಗಾಗಿ ಅಳತೆ ಎಂದೊಡನೆ ನಮ್ಮ ಜನ ಮೊದಲು ಅಳೆಯುವವನ ಕೈ ನೋಡುತ್ತಾರೆ, ಆಮೇಲೆ ಸೇರು ನೋಡುತ್ತಾರೆ.

ಈ ಮಾತು ಈಗ ಯಾಕೆ ಬಂತೆಂದರೆ, ರಾಗಿ ಭತ್ತಗಳಂತೆ ಮನುಷ್ಯನ ತೃಪ್ತಿಯನ್ನೂ ಅಳೆಯುವ ಸೇರೊಂದು ನಮ್ಮ ಕೇರಿಗೆ ಬಂತು. ಅದರಲ್ಲಿ ಅಳೆದದ್ದು ಸೊಂಟದಿಂದ ಕೆಳಗೆ ಸ್ವಾಧೀನ ಕಳಕೊಂಡ ನಮ್ಮ ಅಣ್ಣನ ಬದುಕನ್ನು.

ಅಣ್ಣ ಎಂದರೆ ದೊಡ್ಡಮ್ಮನ ಮಗ. ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ರಾತ್ರಿ ರೈಲಿಗೆ ವಾಪಸು ಬರುವ ಜನರಲ್ಲಿ ಅವನೂ ಒಬ್ಬನಾಗಿದ್ದ. 2014ರಲ್ಲಿ ಮೂರನೇ ಮಹಡಿಗೆ ಕಟ್ಟಿದ್ದ ಸಾರುವೆಯ ಬೊಂಬು ಜಾರಿತು. ಆಗ ಅವನಿಗೆ 30 ವರ್ಷ. ಬಿದ್ದವನನ್ನು ಎತ್ತಿ, ಆಟೋದಲ್ಲಿ ಕೂರಿಸಿ, ಅತ್ತ ಒಬ್ಬ ಇತ್ತ ಒಬ್ಬ ಹಿಡಿದುಕೊಂಡು ಆಸ್ಪತ್ರೆಗೆ ಒಯ್ದರು. ಬೆನ್ನಿಗೆ ಪೆಟ್ಟಾದವನನ್ನು ಹಾಗೆ ಕೂರಿಸಬಾರದು, ಬಾಗಿಸಬಾರದು, ಹಲಗೆಯೋ ಬಾಗಿಲೋ ಏನಾದರೂ ತಂದು ಅಲುಗದಂತೆ ಮಲಗಿಸಿ ಒಯ್ಯಬೇಕು ಎಂದು ಅಲ್ಲಿದ್ದ ಯಾರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. (ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ನಾಳೆಯೇ ಮಕ್ಕಳಿಗೆ ಹೇಳಿಬಿಡಿ.) ಅಮೆರಿಕದಂಥ ದೇಶದಲ್ಲಿ ಬೆನ್ನುಹುರಿ ಜಖಂ ಆಗುವುದು ಹೆಚ್ಚಾಗಿ ಮೋಟಾರು ಅಪಘಾತಗಳಲ್ಲಿ. ನಮ್ಮ ದೇಶದ ಆಸ್ಪತ್ರೆಗಳ ಲೆಕ್ಕದಲ್ಲಿ ಮತ್ತೆ ಮತ್ತೆ ಮೊದಲು ಬರುವುದು ಎತ್ತರದಿಂದ ಬೀಳುವುದು. ಮರದಿಂದ, ಮಾಳಿಗೆಯಿಂದ, ಸಾರುವೆಯಿಂದ, ಕಟ್ಟೆಯಿಲ್ಲದ ಬಾವಿಗೆ. ಈ ದೇಶದಲ್ಲಿ ತೆಂಗಿನ ಮರ ಹತ್ತುವವರು ಯಾರು, ಸಾರುವೆ ಹತ್ತುವವರು ಯಾರು ಎಂದು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತೃಪ್ತಿಯ ಸೇರು ಬರುವ ಮೊದಲೇ ಅಣ್ಣನನ್ನು ಬೇರೆ ಬೇರೆ ಸೇರುಗಳಲ್ಲಿ ಅಳೆದಿದ್ದರು. ಮೊದಲನೆಯದು ಆಗ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆ. ಆ ಕಾಯ್ದೆಯ ಕೊನೆಗೆ ಒಂದು ಪಟ್ಟಿಯಿತ್ತು. ದುಡಿಮೆಯಲ್ಲಿ ಒಂದು ಕಣ್ಣು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ. 40 ನಷ್ಟ, ತೋರುಬೆರಳು ಪೂರ್ತಿ ಹೋದರೆ ಶೇ. 14, ನಡುಬೆರಳಿಗೆ ಶೇ. 12, ಹೆಬ್ಬೆರಳಿಗೆ ಶೇ. 30. ಏಕಲವ್ಯ ಕಾರ್ಮಿಕ ಕಚೇರಿಗೆ ಹೋಗಿದ್ದರೆ ಅವನ ಕೈಗೆ ಈ 30 ಸಿಗುತ್ತಿತ್ತೋ ಏನೋ. ಆದರೆ ಗುರುದಕ್ಷಿಣೆ ದುಡಿಮೆಯಲ್ಲಿ ಆದ ಗಾಯ ಅಲ್ಲ ಎಂದು ಎದುರು ಪಾರ್ಟಿಯ ವಕೀಲ ವಾದಿಸುತ್ತಿದ್ದ. ಪೂರ್ತಿ ಅಶಕ್ತನಾದವನಿಗೆ ತಿಂಗಳ ಕೂಲಿಯ ಶೇ. 60 ತೆಗೆದುಕೊಂಡು, ಅದನ್ನು ವಯಸ್ಸಿಗೆ ಗೊತ್ತುಮಾಡಿದ ಒಂದು ಅಂಕಿಯಿಂದ ಗುಣಿಸುತ್ತಿದ್ದರು. 30 ವರ್ಷದವನಿಗೆ ಆ ಅಂಕಿ 207.98. ಆಗ ಲೆಕ್ಕಕ್ಕೆ ಹಿಡಿಯುತ್ತಿದ್ದ ಕೂಲಿಯ ಮಿತಿ 8,000 ರೂಪಾಯಿ. ಗುಣಿಸಿದರೆ 9,98,304 ರೂಪಾಯಿ. ಅಣ್ಣನಿಗೆ ಸಿಕ್ಕಿದ್ದು ಮೇಸ್ತ್ರಿ ಎರಡು ಕಂತಿನಲ್ಲಿ ತಂದುಕೊಟ್ಟ 40,000. ಹಾಜರಿ ಪುಸ್ತಕದಲ್ಲಿ ಅವನ ಹೆಸರೇ ಇರಲಿಲ್ಲ. ಹೆಸರಿಲ್ಲದವನು ಬಿದ್ದರೆ ಯಾರೂ ಬಿದ್ದಂತಲ್ಲ.

ಎರಡನೆಯ ಸೇರು ಅಂಗವಿಕಲರ ಸರ್ಟಿಫಿಕೇಟು. ಅದರಲ್ಲಿ ಶೇ. 40 ದಾಟಿದರೆ ಮನುಷ್ಯ ಸರ್ಕಾರದ ಕಣ್ಣಿಗೆ ಬೀಳುತ್ತಾನೆ. ಅಣ್ಣನಿಗೆ 80 ಎಂದು ಬರೆದರು. 'ಮಿಕ್ಕ ಇಪ್ಪತ್ತು ಎಲ್ಲಿದೆ ಸ್ವಾಮಿ, ತೋರ್ಸಿ' ಎಂದು ಅವನು ಡಾಕ್ಟರನ್ನು ಕೇಳಿದನಂತೆ. ಈ ಸೇರುಗಳೆಲ್ಲ ಕಳೆದುಹೋದದ್ದು ಎಷ್ಟು ಎಂದು ಅಳೆದವು. ಉಳಿದವನು ಹೇಗಿದ್ದಾನೆ ಎಂದು ಒಂಬತ್ತು ವರ್ಷ ಯಾವ ಕಾಗದವೂ ಕೇಳಲಿಲ್ಲ.

ಕೇಳಿದ್ದು 2023ರಲ್ಲಿ, ಸಮಾಜಕಾರ್ಯ ಓದುತ್ತಿದ್ದ ಒಬ್ಬಳು ವಿದ್ಯಾರ್ಥಿನಿ. ನಮ್ಮ ಪಕ್ಕದ ಹೋಬಳಿಯ ಹುಡುಗಿ, ನಮ್ಮ ಜನವೇ. ಪೆಟ್ಟಾಗಿ ಚೇತರಿಸಿಕೊಳ್ಳುತ್ತಿರುವವರ ಬಗ್ಗೆ ಪ್ರಬಂಧ ಬರೆಯಬೇಕಿತ್ತು. ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದವು, ಅವನ್ನು ಕೇರಿಯ ಮಾತಿಗೆ ತರಲು ನಮ್ಮನ್ನು ಕರೆದಳು.

ಆ ಸೇರಿನ ಹುಟ್ಟು ಹೀಗೆ. 1985ರಲ್ಲಿ ಅಮೆರಿಕದ ಎಡ್ ಡೀನರ್ ಎಂಬ ಮನಶ್ಶಾಸ್ತ್ರಜ್ಞ ಮೂವರು ಸಂಗಡಿಗರ ಜೊತೆ ಸೇರಿ ಐದು ವಾಕ್ಯಗಳ ಒಂದು ಮಾಪಕ ಮಾಡಿದ. ನಿಮ್ಮ ಬದುಕು ನಿಮ್ಮ ಆದರ್ಶಕ್ಕೆ ಹತ್ತಿರವಿದೆಯೇ, ಬದುಕಿನ ಪರಿಸ್ಥಿತಿ ಚೆನ್ನಾಗಿದೆಯೇ, ಒಟ್ಟು ತೃಪ್ತಿ ಇದೆಯೇ, ಬೇಕೆಂದ ಮುಖ್ಯ ಸಂಗತಿಗಳು ಸಿಕ್ಕಿವೆಯೇ, ಇನ್ನೊಮ್ಮೆ ಬದುಕುವ ಹಾಗಾದರೆ ಹೆಚ್ಚುಕಮ್ಮಿ ಏನನ್ನೂ ಬದಲಾಯಿಸದೆ ಬಿಡುತ್ತೀರೇ. ಇವುಗಳ ಸಾರ ಇಷ್ಟು. ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ: ಸ್ವಲ್ಪವೂ ಒಪ್ಪದಿದ್ದರೆ 1, ಪೂರ್ತಿ ಒಪ್ಪಿದರೆ 7. ಕೂಡಿದರೆ 5ರಿಂದ 35. ನಡುವಿನ 20 ಎಂದರೆ ಅತ್ತಲೂ ಇಲ್ಲ ಇತ್ತಲೂ ಇಲ್ಲ. 31 ದಾಟಿದವನು ಬಹಳ ತೃಪ್ತ, 9ರೊಳಗೆ ಉಳಿದವನು ಬಹಳ ಅತೃಪ್ತ. ಬೆನ್ನುಹುರಿಗೆ, ಮಿದುಳಿಗೆ ಪೆಟ್ಟಾದವರನ್ನು ವರ್ಷಗಟ್ಟಲೆ ಬೆನ್ನುಹತ್ತಿ ವಿಚಾರಿಸುವ ಅಮೆರಿಕದ ಕೇಂದ್ರಗಳು ಇದೇ ಮಾಪಕವನ್ನು ಬಳಸುತ್ತವೆ. ಮಿದುಳಿಗೆ ಪೆಟ್ಟಾದವನನ್ನು ಒಂದನೇ ವರ್ಷಕ್ಕೆ, ಎರಡನೇ ವರ್ಷಕ್ಕೆ, ಐದನೇ ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಹುಡುಕಿಕೊಂಡು ಹೋಗಿ ಕೇಳುತ್ತಾರೆ. ನಮ್ಮಲ್ಲಿ ಆಸ್ಪತ್ರೆಯ ಗೇಟು ದಾಟಿದ ಮೇಲೆ ಹಿಂದೆ ಬರುವುದು ಸಾಲಗಾರ ಒಬ್ಬನೇ.

ಇಂಥ ಪ್ರಶ್ನೆ ಕೇಳುವ ಕಾಲ ಬಂದದ್ದೇ ಈಚೆಗೆ ಎನ್ನುವುದನ್ನೂ ಹೇಳಬೇಕು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ಲಿನಲ್ಲಿ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಬೆನ್ನುಹುರಿಯ ವಿಭಾಗ ತೆರೆಯುವ ಮೊದಲು, ಹೀಗೆ ಸ್ವಾಧೀನ ತಪ್ಪಿದವರು ಹಾಸಿಗೆ ಹುಣ್ಣಿನಿಂದಲೋ ಮೂತ್ರದ ಸೋಂಕಿನಿಂದಲೋ ಬೇಗ ಸಾಯುತ್ತಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು ಎಂಬ ಸಣ್ಣ ಕೆಲಸ ಲಕ್ಷಾಂತರ ಜನರನ್ನು ಉಳಿಸಿದೆ. ನಮ್ಮ ಸೀಮೆಯವರು ಕಾಯಿಲೆ ಎಂದರೆ ರೈಲು ಹತ್ತುವ ವೆಲ್ಲೂರಿನಲ್ಲಿ ಮೇರಿ ವರ್ಗೀಸ್ ಎಂಬ ಡಾಕ್ಟರಮ್ಮ ಇದ್ದರು. 1954ರಲ್ಲಿ ಕಾರು ಅಪಘಾತದಲ್ಲಿ ಅವರ ಬೆನ್ನುಹುರಿಯೇ ಜಖಂ ಆಯಿತು. ಆಮೇಲೂ ಅವರು ಗಾಲಿಕುರ್ಚಿಯಲ್ಲಿ ಕೂತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು, 1960ರ ದಶಕದಲ್ಲಿ ಅಲ್ಲಿ ಪುನರ್ವಸತಿ ವಿಭಾಗ ಕಟ್ಟಿದರು. ಅಣ್ಣನಂಥವರು ಉಳಿಯುವುದು ಇಂಥವರಿಂದ, ಮತ್ತು ಮನೆಯ ಹೆಂಗಸರಿಂದ. ಉಳಿದ ಮೇಲಲ್ಲವೇ ತೃಪ್ತಿಯ ಮಾತು.

ನಮ್ಮ ಮೊದಲ ತೊಡಕು 'ತೃಪ್ತಿ' ಎಂಬ ಮಾತೇ. ಅಣ್ಣ ಕೇಳಿದ: 'ತೃಪ್ತಿ ಅಂದ್ರೆ ಊಟ ಆದ್ಮೇಲೆ ಕೇಳ್ತಾರಲ್ಲ, ಅದಾ?' ಹೌದು, ನಮ್ಮ ಕೇರಿಯಲ್ಲಿ ತೃಪ್ತಿ ಹೊಟ್ಟೆಯದು. ಬದುಕಿಗೆ ತೃಪ್ತಿ ಎಂದು ಯಾರೂ ಅನ್ನುವುದಿಲ್ಲ. 'ಸಮಾಧಾನ' ಎಂದು ಬದಲಾಯಿಸಿ ನೋಡಿದೆವು. 'ಸಮಾಧಾನ ಮಾಡ್ಕೊಂಡಿದೀನಿ' ಎಂದ. ನಮ್ಮ ಜನಕ್ಕೆ ಸಮಾಧಾನ ಎಂದರೆ ತಾನಾಗಿ ಬರುವಂಥದ್ದಲ್ಲ, ಗಾಯಕ್ಕೆ ಸೊಪ್ಪು ಅರೆದು ಕಟ್ಟಿದಂತೆ ಮನಸ್ಸಿಗೆ ಮಾಡಿಕೊಳ್ಳುವಂಥದ್ದು. 'ನೆಮ್ಮದಿ' ಎಂದೆವು. 'ರಾತ್ರಿ ಕಾಲು ಸೆಳೆತ ಬರ್ದಿದ್ರೆ ನೆಮ್ಮದಿ' ಎಂದ. 'ಸುಖವಾಗಿದೀಯಾ' ಎಂದಾಗ ಅತ್ತಿಗೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕುಬಿಟ್ಟರು, ಅವನೂ ನಕ್ಕ. ಹೇಗಿದ್ದೀರಿ ಎಂದರೆ 'ಏನೋ ಇದೀವಿ' ಅನ್ನುವುದು, 'ದೇವ್ರು ಇಟ್ಟಂಗೆ ಇದೀವಿ' ಅನ್ನುವುದು ನಮ್ಮ ಜನರ ರೂಢಿ. ಅದು ಏಳರಲ್ಲಿ ಎಷ್ಟನೆಯದು? 'ದೇವ್ರು ಇಟ್ಟಂಗೆ' ಎನ್ನುವವನು ಒಪ್ಪಿಕೊಂಡಿದ್ದಾನೋ, ದೂರು ಕೊಡುತ್ತಿದ್ದಾನೋ? ಕೊನೆಗೆ ಮೂರು ಮಾತನ್ನೂ ಸೇರಿಸಿ ಕೇಳುವುದೆಂದಾಯಿತು.

ಅಂಕಿಗೆ ಹುಡುಗಿ ಏಳು ಹುಣಸೆ ಬೀಜ ತಂದು ಚಾಪೆಯ ಮೇಲೆ ಸಾಲಾಗಿ ಇಟ್ಟಳು. ಎಷ್ಟು ಒಪ್ಪುತ್ತೀಯೋ ಅಷ್ಟು ಬೀಜ ನಿನ್ನ ಕಡೆ ಎಳೆದುಕೋ ಅಣ್ಣ ಎಂದಳು. ಇದು ಅವಳದೇ ಬುದ್ಧಿ, ಪುಸ್ತಕದ್ದಲ್ಲ.

ಮೊದಲನೆಯದಕ್ಕೆ, 'ಆದರ್ಶ ಅಂದ್ರೆ ಯಾರ್ದು?' ಎಂದ. ನೀನು ಹಿಂಗಿರಬೇಕು ಅಂದುಕೊಂಡಿದ್ದ ಬದುಕು ಎಂದೆವು. 'ಅಂದ್ಕೊಳ್ಳೋಕೆ ಯಾವತ್ತು ಪುರುಸೊತ್ತಿತ್ತು? ಮಧ್ಯಕ್ಕೆ ಹಾಕ್ಕೊಳವ್ವ.' ನಾಲ್ಕು ಬೀಜ ಎಳೆದುಕೊಂಡ. ಎರಡನೆಯದಕ್ಕೆ ಮಾತಾಡದೆ ಬಾಗಿಲ ಕಡೆ ನೋಡಿದ. ಯಾವುದೋ ಶಿಬಿರದಲ್ಲಿ ಕೊಟ್ಟ ಗಾಲಿಕುರ್ಚಿ ಜಗುಲಿಯ ಮೇಲೆ ಗೋಣಿಚೀಲ ಹೊದ್ದುಕೊಂಡು ನಿಂತಿತ್ತು. ಬಾಗಿಲು ಎರಡಡಿ ಅಗಲ, ಕುರ್ಚಿ ಅದಕ್ಕಿಂತ ಅಗಲ. ಅವನು ಹೊಸ್ತಿಲ ತನಕ ಕೈ ಊರಿ ತೆವಳಿಕೊಂಡು ಬಂದು, ಅಲ್ಲಿಂದ ಇಬ್ಬರು ಎತ್ತಿ ಕೂರಿಸಬೇಕು. ಎರಡು ಬೀಜ.

ಮೂರನೆಯದು, ಒಟ್ಟಾರೆ ತೃಪ್ತಿ. ಅತ್ತಿಗೆ ಕಂಬಕ್ಕೆ ಒರಗಿ ನಿಂತಿದ್ದರು. ಒಂಬತ್ತು ವರ್ಷ ಅವನ ಮಲಮೂತ್ರ ತೆಗೆದು, ಮಗ್ಗುಲು ಹೊರಳಿಸಿ, ಕೂಲಿಗೂ ಹೋಗಿ ಬಂದ ಹೆಂಗಸು. ಅಣ್ಣ ಅವರ ಮುಖ ನೋಡಿದ. ಆರು ಬೀಜ ಎಳೆದುಕೊಂಡ. ಸ್ವಲ್ಪ ಹೊತ್ತಿಗೆ ನಲ್ಲಿಯಲ್ಲಿ ನೀರು ಬಂತೆಂದು ಅತ್ತಿಗೆ ಕೊಡ ಎತ್ತಿಕೊಂಡು ಹೋದರು. ಆಗ ಅಣ್ಣ ಮೆಲ್ಲಗೆ, 'ಆ ಮೂರನೇದಕ್ಕೆ ಮೂರು ಹಾಕ್ಕೋ ತಾಯಿ. ಅವಳಿಗೆ ಹೇಳ್ಬೇಡ' ಎಂದ. ಹುಡುಗಿ ಪೆನ್ನು ಹಿಡಿದು ನಮ್ಮ ಮುಖ ನೋಡಿದಳು. ಯಾವುದು ಬರೆಯಬೇಕು? ಆರು ಸುಳ್ಳೇ? ನಮಗೆ ಹಾಗೆ ಅನ್ನಿಸಲಿಲ್ಲ. ಆರು ಎಂಬುದು ಆ ಹೆಂಗಸಿಗೆ ಅವನು ಕೊಟ್ಟ ಕೂಲಿ. ಅವನ ಹತ್ತಿರ ಬೇರೆ ಏನೂ ಇರಲಿಲ್ಲ. ಮೂರು ಎಂಬುದು ರಾತ್ರಿ ನಿದ್ದೆಗೆಟ್ಟವನ ಮಾತು. ಮಾಪಕಕ್ಕೆ ಒಂದೇ ಅಂಕಿ ಬೇಕು. ಅವಳು ಮೊದಲು ಹೇಳಿದ ಆರನ್ನೇ ಬರೆದು, ಕಾಗದದ ಹಿಂದೆ ನಡೆದದ್ದನ್ನೆಲ್ಲ ಬರೆದುಕೊಂಡಳು.

ನಾಲ್ಕನೆಯದು ನಮ್ಮನ್ನು ಬೆಚ್ಚಿಬೀಳಿಸಿತು. ಬೇಕೆಂದದ್ದು ಸಿಕ್ಕಿದೆಯೇ ಎಂದರೆ ಏನೂ ಇಲ್ಲ ಅನ್ನುತ್ತಾನೆ ಎಂದೇ ನಾವು ಕಾದಿದ್ದೆವು. ಐದು ಬೀಜ ಎಳೆದುಕೊಂಡ. 'ಮಗಳು ಪಿಯುಸಿ ಪಾಸಾದ್ಲು ಕಣ್ರಪ್ಪ. ನಾನು ಕೆಲ್ಸಕ್ಕೆ ಹೋಗ್ತಿದ್ದಾಗ ಅವಳು ಏಳೋಕ್ಮುಂಚೆ ಹೋಗಿ, ಮಲಗಿದ್ಮೇಲೆ ಬರ್ತಿದ್ದೆ. ಮಗಳ ಮುಖ ನೋಡ್ತಿದ್ದಿದ್ದು ಭಾನುವಾರ. ಬಿದ್ಮೇಲೆ ದಿನಾ ಪಕ್ಕದಲ್ಲಿ ಕೂತ್ಕೊಂಡು ಓದಿದ್ಲು. ನಂಗೂ ಒಂದಿಷ್ಟು ಇಂಗ್ಲಿಷ್ ಬಂತು.'

ಐದನೆಯದಕ್ಕೆ ಒಂದೇ ಬೀಜ. ಮತ್ತೆ ಬದುಕುವ ಹಾಗಿದ್ದರೆ ಎಲ್ಲ ಬದಲಾಯಿಸುತ್ತೇನೆ ಎಂದರ್ಥ. ನಾವು ಸಾರುವೆಯ ಮಾತು ಬರುತ್ತದೆಂದುಕೊಂಡೆವು. 'ಬಿದ್ದಿದ್ದು ಒಂದು ದಿನ. ಅದಕ್ಮುಂಚೆ ಮೂವತ್ತು ವರ್ಷ ಇತ್ತಲ್ಲ' ಎಂದ. 1996ರಲ್ಲಿ, ಹನ್ನೆರಡು ವರ್ಷದವನಾಗಿದ್ದಾಗ, ದೊಡ್ಡಪ್ಪನ ಸಾಲಕ್ಕೆ ಅವನನ್ನು ಶಾಲೆ ಬಿಡಿಸಿ ದನ ಕಾಯಲು ಇಟ್ಟಿದ್ದರು. ಜೀತ ಕಾನೂನಿನಲ್ಲಿ ರದ್ದಾಗಿ ಆಗಲೇ 20 ವರ್ಷ ಆಗಿತ್ತು. 'ಅವತ್ತು ಸ್ಲೇಟು ಕಿತ್ಕೊಂಡಿರ್ಲಿಲ್ಲ ಅಂದಿದ್ರೆ ನಾನ್ಯಾಕೆ ಸಾರುವೆ ಹತ್ತುತಿದ್ದೆ?'

ಕೂಡಿದರೆ 18. ಪುಸ್ತಕದ ಪ್ರಕಾರ 15ರಿಂದ 19 ಬಂದವನು 'ಸ್ವಲ್ಪ ಅತೃಪ್ತ'. ಆರರ ಬದಲು ಮೂರು ಹಾಕಿದರೂ 15, ಆಗಲೂ ಸ್ವಲ್ಪ ಅತೃಪ್ತನೇ. ಪ್ರಮೋಷನ್ ತಪ್ಪಿದ ಬೆಂಗಳೂರಿನ ಬ್ಯಾಂಕು ಗುಮಾಸ್ತನಿಗೂ 18 ಬರಬಹುದು. ಒಂದೇ ಸೇರು, ಒಂದೇ ಅಳತೆ. ಒಳಗೆ ಒಂದರಲ್ಲಿ ರಾಗಿ, ಇನ್ನೊಂದರಲ್ಲಿ ಕಲ್ಲು. ಐದನೆಯ ಪ್ರಶ್ನೆ ಮಿಕ್ಕ ನಾಲ್ಕರ ಜೊತೆ ಅಷ್ಟಾಗಿ ಹೊಂದಿಕೊಳ್ಳುವುದಿಲ್ಲ, ಅದು ಕಳೆದ ಕಾಲದ ಮಾತು ಎಂದು ಮಾಪಕ ಮಾಡಿದವರೇ ಗಮನಿಸಿದ್ದಾರೆ. ನಮ್ಮವರಿಗೆ ಹೊಂದಿಕೊಳ್ಳದ ಆ ಪ್ರಶ್ನೆಯೇ ಮುಖ್ಯವಾಗಿಬಿಟ್ಟಿತು.

ಹಾಗಾದರೆ ಈ ಮಾಪಕವನ್ನು ಬಾವಿಗೆ ಎಸೆಯೋಣವೇ? ಬೇಡ ಎನ್ನುತ್ತೇವೆ, ಯಾಕೆಂದರೆ ಇಂಥ ಪ್ರಶ್ನೆಗಳನ್ನು ಕೇಳಿದ್ದರಿಂದ ತಿಳಿದುಬಂದ ಕೆಲವು ಸತ್ಯಗಳು ನಮಗೆ ಬೇಕಾದವು. ಅಮೆರಿಕದಲ್ಲಿ 1994ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ತುರ್ತು ಚಿಕಿತ್ಸೆಯ ಡಾಕ್ಟರು, ನರ್ಸು, ಸಿಬ್ಬಂದಿಯನ್ನು ಕೇಳಿದರು: ನಿಮಗೇ ಬೆನ್ನುಹುರಿ ಜಖಂ ಆದರೆ, ಬದುಕಿ ಉಳಿದದ್ದಕ್ಕೆ ಸಂತೋಷಪಡುತ್ತೀರಾ? ಹೌದು ಎಂದವರು ಶೇ. 18. ಬೆನ್ನುಹುರಿ ನಿಜಕ್ಕೂ ಜಖಂ ಆಗಿ ಬದುಕುತ್ತಿರುವವರನ್ನು ಅದನ್ನೇ ಕೇಳಿದರು. ಹೌದು ಎಂದವರು ಶೇ. 92. ಜೀವ ಉಳಿಸಲು ನಿಂತವನ ತಲೆಯಲ್ಲೇ 'ಇಂಥ ಬದುಕು ಯಾಕೆ' ಎಂಬ ಮಾತು ಕೂತಿದ್ದರೆ ಗತಿಯೇನು? ನಮ್ಮ ಅಣ್ಣನನ್ನು ಸೇರಿಸಿದ್ದ ಆಸ್ಪತ್ರೆಯಲ್ಲೂ ಒಬ್ಬರು ಅತ್ತಿಗೆಗೆ 'ಮನೆಗೆ ಕರ್ಕೊಂಡ್ಹೋಗಿ, ದುಡ್ಡು ಸುರೀಬೇಡಿ' ಎಂದಿದ್ದರು. ಅವರಿಗೆ ಅಣ್ಣನ ನಾಲ್ಕನೆಯ ಪ್ರಶ್ನೆಯ ಐದು ಬೀಜ ತೋರಿಸಬೇಕು.

ಇನ್ನೊಂದು ಹಳೆಯ ಅಧ್ಯಯನವಿದೆ, 1978ರದು. ಬ್ರಿಕ್‌ಮನ್ ಮತ್ತು ಸಂಗಡಿಗರು ಲಾಟರಿ ಹೊಡೆದ 22 ಜನ, ಅಪಘಾತದಲ್ಲಿ ಅಂಗ ಸ್ವಾಧೀನ ತಪ್ಪಿದ 29 ಜನ, ಏನೂ ಆಗದ 22 ಜನರನ್ನು ಹೋಲಿಸಿದರು. ಭಾಷಣಗಳಲ್ಲಿ ಇದನ್ನು ತಿರುಚಿ ಹೇಳುವುದುಂಟು: 'ಲಾಟರಿ ಹೊಡೆದವನೂ ಒಂದೇ, ಕಾಲು ಹೋದವನೂ ಒಂದೇ, ಸುಖ ಎಂಬುದು ಮನಸ್ಸಿನಲ್ಲಿದೆ.' ಮಠದ ಪ್ರವಚನಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಆ ಅಧ್ಯಯನದ ಅಂಕಿ ಬೇರೆಯೇ ಹೇಳುತ್ತದೆ. ಐದರ ಅಳತೆಯಲ್ಲಿ ಲಾಟರಿಯವರ ಈಗಿನ ಸಂತೋಷ 4.00, ಸಾಮಾನ್ಯರದು 3.82, ಅಪಘಾತದವರದು 2.96. ಕಂದರದಷ್ಟು ಅಲ್ಲದಿದ್ದರೂ ಹಳ್ಳ ಇದ್ದೇ ಇದೆ. ಜರ್ಮನಿ, ಬ್ರಿಟನ್ನಿನ ಸಾವಿರಾರು ಮನೆಗಳನ್ನು ವರ್ಷವರ್ಷವೂ ವಿಚಾರಿಸಿದ ಲೆಕ್ಕ ಹಿಡಿದು 2007ರಲ್ಲಿ ರಿಚರ್ಡ್ ಲೂಕಸ್ ತೋರಿಸಿದ್ದೂ ಇದನ್ನೇ: ತೀವ್ರ ಅಂಗವೈಕಲ್ಯ ಬಂದವರ ತೃಪ್ತಿ ಕುಸಿದು, ವರ್ಷಗಳಾದರೂ ಹಳೆಯ ಮಟ್ಟಕ್ಕೆ ಬರಲಿಲ್ಲ. 1978ರ ಅಧ್ಯಯನದಲ್ಲಿ ಅಪಘಾತದವರು ತಮ್ಮ ಹಿಂದಿನ ದಿನಗಳಿಗೆ ಮಿಕ್ಕವರಿಗಿಂತ ಹೆಚ್ಚು ಅಂಕ ಕೊಟ್ಟರು ಎಂಬುದೂ ಇದೆ. ಕಳಕೊಂಡ ಮೇಲೆ ಹಿಂದಿನದೆಲ್ಲ ಬಂಗಾರವಾಗಿ ಕಾಣುತ್ತದೆ ಎಂದು ವಿವರಣೆ. ಅಣ್ಣನ ಐದನೆಯ ಉತ್ತರ ಓದಿದವರು ಈ ವಿವರಣೆ ಎಲ್ಲರಿಗೂ ಹೊಂದುವುದಿಲ್ಲ ಎಂದು ತಿಳಿಯಬೇಕು. ಹಿಂದೆ ಬಂಗಾರ ಇದ್ದವರಿಗೆ ಮಾತ್ರ ಅದು.

ನಮಗೆ ಎಲ್ಲಕ್ಕಿಂತ ಉಪಯೋಗದ್ದು 1992ರಲ್ಲಿ ಫ್ಯೂರರ್ ಮತ್ತು ಸಂಗಡಿಗರು ಕಂಡುಕೊಂಡದ್ದು. ಬೆನ್ನುಹುರಿ ಎಷ್ಟು ಮೇಲೆ ತುಂಡಾಗಿದೆ, ಎಷ್ಟು ಅಂಗ ಹೋಗಿದೆ ಎಂಬುದಕ್ಕೂ ಬದುಕಿನ ತೃಪ್ತಿಗೂ ಅಂಥ ಸಂಬಂಧ ಸಿಗಲಿಲ್ಲ. ಸಂಬಂಧ ಸಿಕ್ಕಿದ್ದು ಮನೆಯಿಂದ ಹೊರಗೆ ಓಡಾಡಲು ಆಗುತ್ತದೆಯೇ, ಕೈಗೆ ಕೆಲಸ ಇದೆಯೇ, ನಾಲ್ಕು ಜನರ ನಡುವೆ ಇದ್ದಾನೆಯೇ ಎಂಬುದಕ್ಕೆ. ಅಂದರೆ ಅತೃಪ್ತಿ ಮುರಿದ ಬೆನ್ನಿನಲ್ಲಿ ಇರುವುದಕ್ಕಿಂತ ಎರಡಡಿ ಬಾಗಿಲಿನಲ್ಲಿ, ಮೆಟ್ಟಿಲಲ್ಲಿ, ಬಸ್ಸಿನ ಎತ್ತರದ ಫುಟ್‌ಬೋರ್ಡಿನಲ್ಲಿ ಹೆಚ್ಚು ಇದೆ. ಅದು ಕಾಯಿಲೆ ಅಲ್ಲ. ಕಟ್ಟಿದವರು ಬಿಚ್ಚಬಹುದಾದ ವಸ್ತು.

ಆದರೂ ಒಂದು ಭಯ ಇದ್ದೇ ಇದೆ. ಹೆಚ್ಚು ಅಂಕ ಬಂದರೆ ಅಧಿಕಾರಿ 'ತೃಪ್ತರಾಗಿದ್ದಾರಲ್ಲ' ಎಂದು ಫೈಲು ಮುಚ್ಚಬಹುದು. ಪೆಟ್ಟಾದ ಮೇಲೆ ಮನುಷ್ಯನ ಒಳಗಿನ ಅಳತೆಗೋಲೇ ಬದಲಾಗುತ್ತದೆ, ಅವನು ಎರಡನೇ ಸಾರಿ ಕೊಟ್ಟ ಆರು ಮೊದಲನೇ ಸಾರಿ ಕೊಟ್ಟ ಆರಲ್ಲ ಎಂದು 1999ರಲ್ಲಿ ಸ್ಪ್ರಾಂಗರ್ಸ್ ಮತ್ತು ಶ್ವಾರ್ಟ್ಸ್ ವಿವರವಾಗಿ ಬರೆದರು. ಅಮರ್ತ್ಯ ಸೇನ್ 1980ರ ದಶಕದಿಂದಲೂ ಎಚ್ಚರಿಸಿದ್ದು ಇದರ ಇನ್ನೊಂದು ಮುಖ: ತಲೆಮಾರುಗಳಿಂದ ತುಳಿಸಿಕೊಂಡವರು ಸಿಗಬಹುದಾದಷ್ಟಕ್ಕೆ ಆಸೆಯನ್ನೇ ಕತ್ತರಿಸಿಕೊಳ್ಳುತ್ತಾರೆ, ಹಾಗಾಗಿ ಅವರ ತೃಪ್ತಿಯಿಂದ ಅವರ ವಂಚನೆಯನ್ನು ಅಳೆಯಬಾರದು. ಈ ಮಾತನ್ನು ನಾವು ಒಪ್ಪುತ್ತೇವೆ, ಆದರೆ ಪೂರ್ತಿ ಅಲ್ಲ. ಬಡವನ ಸಂತೋಷವೆಲ್ಲ ಮೋಸ ಹೋದವನ ಸಂತೋಷ ಎಂದು ಓದಿದವರು ಬೇಗ ತೀರ್ಮಾನಿಸಿಬಿಡುತ್ತಾರೆ. ಮಗಳು ಪಕ್ಕದಲ್ಲಿ ಕೂತು ಓದಿದ್ದರಲ್ಲಿ ಅಣ್ಣ ಕಂಡ ಸಂತೋಷ ಆಸೆ ಕತ್ತರಿಸಿಕೊಂಡದ್ದಲ್ಲ. ಅದು ಮೊದಲೂ ಅವನಿಗೆ ಸಲ್ಲಬೇಕಾಗಿದ್ದದ್ದು. ರೈಲು, ಸಾರುವೆ, ಮೇಸ್ತ್ರಿ ಸೇರಿ ತಡೆಹಿಡಿದಿದ್ದರು.

ಇನ್ನೊಂದು ಅಳತೆ ಏಣಿಯದು. 1965ರಲ್ಲಿ ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬಾತ ನಮ್ಮ ದೇಶವೂ ಸೇರಿದಂತೆ ಹಲವು ದೇಶಗಳ ಜನರನ್ನು ಕೇಳಿದ ಅಧ್ಯಯನ ಪ್ರಕಟಿಸಿದ. ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲಿರುವ ಏಣಿ; ನಿಮಗೆ ಸಾಧ್ಯವಾದ ಅತ್ಯುತ್ತಮ ಬದುಕು ತುದಿಯಲ್ಲಿದೆ, ನೀವು ಎಷ್ಟನೆಯ ಮೆಟ್ಟಿಲಲ್ಲಿ ನಿಂತಿದ್ದೀರಿ? ಜಗತ್ತಿನ ದೇಶಗಳನ್ನು ಸಂತೋಷದ ಪ್ರಕಾರ ಸಾಲು ನಿಲ್ಲಿಸುವ ವರದಿಗಳು ಈಗಲೂ ಇದೇ ಏಣಿಯನ್ನು ನೆಚ್ಚಿವೆ. ಬಾಬಾಸಾಹೇಬರು 1920ರಲ್ಲಿ 'ಮೂಕನಾಯಕ'ದ ಮೊದಲ ಸಂಚಿಕೆಯಲ್ಲೇ ಹಿಂದೂ ಸಮಾಜವನ್ನು ಏಣಿಯೇ ಇಲ್ಲದ ಬಹು ಅಂತಸ್ತಿನ ಗೋಪುರಕ್ಕೆ ಹೋಲಿಸಿದ್ದರು. ಏಣಿ ಇಲ್ಲದ ಮನೆಯವನನ್ನು ಎಷ್ಟನೇ ಮೆಟ್ಟಿಲಲ್ಲಿದ್ದೀ ಎಂದು ಕೇಳಿದರೆ ಅವನು ತನ್ನ ಅಂತಸ್ತಿನ ಸೂರನ್ನೇ ಆಕಾಶ ಎಂದುಕೊಂಡು ಅಂಕ ಹೇಳುತ್ತಾನೆ. ಈ ಏಣಿಯನ್ನು ಅಣ್ಣನಿಗೆ ಹಿಡಿಯಲು ಹುಡುಗಿಗೇ ಮನಸ್ಸಾಗಲಿಲ್ಲ. ಬಿದ್ದವನ ಮುಂದೆ ಏಣಿಯ ಚಿತ್ರ ಬಿಡಿಸಲೇ ಎಂದಳು.

ಅದೇ ವಾರ ನಮ್ಮ ಕೇರಿಯ ಇನ್ನೊಂದು ಮನೆಗೂ ಹೋದೆವು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗ. ಹೆಲ್ಮೆಟ್ ಇರಲಿಲ್ಲ. ನಡೆಯುತ್ತಾನೆ, ಉಣ್ಣುತ್ತಾನೆ, ಮಾತಾಡುತ್ತಾನೆ, ಆದರೆ ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ, ಸಣ್ಣದಕ್ಕೂ ಕೈಯೆತ್ತುತ್ತಾನೆ. ಐದಕ್ಕೂ ಏಳೇಳು ಬೀಜ ಬಾಚಿಕೊಂಡ. 35. ಮಿದುಳಿಗೆ ಪೆಟ್ಟಾದವರಲ್ಲಿ ಕೆಲವರಿಗೆ ತಮಗೇನಾಗಿದೆ ಎಂಬ ಅರಿವೇ ಕುಂದಿರುತ್ತದೆ, ಅದಕ್ಕೇ ಮನೆಯವರನ್ನೂ ಕೇಳುತ್ತಾರೆ ಎಂದು ಹುಡುಗಿ ವಿವರಿಸಿದಳು. ಅವನ ತಾಯಿಯನ್ನು ಕೇಳಿದೆವು. ಆಕೆ ಒಂದು ಬೀಜವನ್ನೂ ಮುಟ್ಟಲಿಲ್ಲ. 'ಒಂದಾದ್ರೂ ತಗೋಬೇಕಮ್ಮ, ಸೊನ್ನೆ ಇಲ್ಲ ಇದ್ರಲ್ಲಿ' ಎಂದರೆ, 'ಅದಕ್ಕೆ ನಾನೇನು ಮಾಡ್ಲಿ' ಎಂದರು.

ಮನೆಯವರ ಮಾತು ಬಂದದ್ದಕ್ಕೆ ಹೇಳುತ್ತೇವೆ. ಆರೈಕೆ ಮಾಡುವವರಿಗೂ ಮಾಪಕ ಉಂಟು. 1980ರಲ್ಲಿ ಸ್ಟೀವನ್ ಜ್ಯಾರಿಟ್ ಮತ್ತು ಸಂಗಡಿಗರು ಮಾಡಿದ್ದು, ಮೊದಲಿಗೆ ಮರೆವಿನ ಕಾಯಿಲೆಯ ಮುದುಕರನ್ನು ನೋಡಿಕೊಳ್ಳುವವರಿಗೆಂದು. ಆಮೇಲೆ ಪೆಟ್ಟಾದವರ ಮನೆಯವರಿಗೂ ಬಳಕೆಗೆ ಬಂತು. ಅದರ ಹೆಸರಿನಲ್ಲೇ 'ಹೊರೆ' ಎಂಬ ಮಾತಿದೆ. ಬಿದ್ದವನಿಗೆ ತೃಪ್ತಿಯ ಮಾಪಕ, ಎತ್ತಿದವಳಿಗೆ ಹೊರೆಯ ಮಾಪಕ. ಅವಳಿಗೂ ಆದರ್ಶದ ಬದುಕು ಒಂದಿತ್ತೇ, ಮತ್ತೆ ಬದುಕಿದರೆ ಏನು ಬದಲಾಯಿಸುತ್ತಿದ್ದಳು ಎಂದು ಆ ಹಾಳೆಯಲ್ಲಿ ಯಾರೂ ಕೇಳುವುದಿಲ್ಲ. ನಾವು ಅತ್ತಿಗೆಯನ್ನು ತೃಪ್ತಿಯ ಐದು ಪ್ರಶ್ನೆ ಕೇಳಿದೆವು. ಬೀಜಗಳನ್ನೆಲ್ಲ ಮಡಿಲಿಗೆ ಹಾಕಿಕೊಂಡು, 'ಇವನ್ನ ಹುರಿದು ಕೊಡ್ತೀನಿ, ತಿಂದ್ಕೊಂಡು ಹೋಗಿ' ಎಂದರು. ಕಾಗದದಲ್ಲಿ ಅವರ ಸಾಲು ಖಾಲಿಯೇ ಉಳಿಯಿತು.

ಹುಡುಗಿಯ ಪ್ರಬಂಧ ಮುಗಿಯಿತು. ಕೆಲವರು ಮಾಡುವಂತೆ ಅವಳು ಮಾಯವಾಗಲಿಲ್ಲ, ತಿರುಗಿ ಬಂದು ಬರೆದದ್ದನ್ನು ಕೇರಿಯಲ್ಲಿ ಓದಿ ಹೇಳಿದಳು. ಆ ದಿನ ಅಣ್ಣನನ್ನು ನಾವು ಕೇಳಿದೆವು, ಎರಡನೆಯ ಪ್ರಶ್ನೆಯ ಎರಡು ಬೀಜ ಮೂರಾಗಲು ಏನು ಬೇಕು, ನಾಲ್ಕಾಗಲು ಏನು ಬೇಕು? ಅಂಕಿ ಹಾಕಿದವರು ಸಾಮಾನ್ಯವಾಗಿ ಕೇಳದೆ ಬಿಡುವ ಪ್ರಶ್ನೆ ಇದು. ಅವನು ಬೆರಳು ಮಡಿಸಿ ಎಣಿಸಿದ. ಬಾಗಿಲು ಅಗಲ ಆಗಬೇಕು. ನಲ್ಲಿಯ ತನಕ ಇಳಿಜಾರು ಬೇಕು. ಕುರ್ಚಿ ಒಳಗೆ ಹೋಗುವಂಥ ಕಕ್ಕಸು. ಮೂತ್ರದ ಪೈಪುಗಳು ತಿಂಗಳು ತಿಂಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಸಿಗಬೇಕು. ರಸ್ತೆ ಬದಿಗೆ ಒಂದು ಪೆಟ್ಟಿಗೆ ಅಂಗಡಿಗೆ ಸಾಲ. ಇವನ್ನೇ ಅರ್ಜಿ ಮಾಡಿ ಪಂಚಾಯ್ತಿಗೆ ಕೊಟ್ಟೆವು. ಬಡತನ ನಿವಾರಣೆಯ ಯೋಜನೆಗಳಲ್ಲಿ ಶೇ. 5 ಇಂಥವರಿಗೆ ಮೀಸಲೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 37ನೇ ಕಲಮು ಹೇಳುತ್ತದೆ, ಅದನ್ನೂ ಬರೆದೆವು. ಕಲಮಿನ ನಂಬರು ಇದ್ದ ಅರ್ಜಿಯನ್ನು ಎರಡು ಸಾರಿ ಓದುತ್ತಾರೆ, ಇದು ನಮ್ಮ ಅನುಭವ.

ನಲ್ಲಿಯ ಇಳಿಜಾರು ಆಯಿತು. ಅಂಗಡಿಯ ಸಾಲ, ಕಕ್ಕಸು, ಪೈಪು ಇನ್ನೂ ಆಗಿಲ್ಲ. ಬಾಗಿಲಿಗೆ ಅತ್ತಿಗೆ ಹಿಂದೆಯೂ ಅನುದಾನ ಕೇಳಿ ಕೇಳಿ ಸಾಕಾಗಿದ್ದರು. ಅದಕ್ಕೆ ಕಾಯುವುದು ಬೇಡವೆಂದು, ಅದೇ ಬೆಳಗಿನ ರೈಲಿಗೆ ಹೋಗುವ ಕೇರಿಯ ಗಾರೆ ಕೆಲಸದವರು ನಾಲ್ಕು ಜನ ಒಂದು ಭಾನುವಾರ ಬಂದು ಗೋಡೆ ಒಡೆದರು. ಸಿಮೆಂಟು, ಮರಳಿಗೆ ಕೇರಿಯಲ್ಲಿ ಚಂದಾ ಎತ್ತಿದೆವು. ಅಣ್ಣ ಜಗುಲಿಯ ಮೇಲೆ ಕುರ್ಚಿಯಲ್ಲಿ ಕೂತು ತೂಗುಗುಂಡು ತರಿಸಿಕೊಂಡು ನಿಲುವು ನೋಡಿದ. ಎಡಗಡೆ ಅರ್ಧ ಇಂಚು ವಾಲಿದೆ, ಇದನ್ನ ಕಟ್ಟು ಅಂತಾರಾ, ಕಿತ್ತು ಮತ್ತೆ ಕಟ್ಟಿ ಎಂದು ರೇಗಿದ. ಅವರು ಬೈದುಕೊಂಡು ಕಿತ್ತು ಮತ್ತೆ ಕಟ್ಟಿದರು.